ಪದಚರ್ಚೆ: ‘ಯಂತ್ರಕ್ಕೆ ತಿಳಿಯಿತು’ ಅನ್ನಬಹುದೇ? ಬುದ್ಧಿ, ತಿಳಿವಳಿಕೆ, ಅರಿವು, ಪ್ರಜ್ಞೆ

ಪ್ರಶ್ನೆ (ವಿಜಯಪುರ)

ಎಲ್ಲರಿಗೂ ಶರಣು.

ಬಿ.ಎ. ತತ್ತ್ವಶಾಸ್ತ್ರದ ವಿದ್ಯಾರ್ಥಿಗಳಿಗಾಗಿ ಕೃತಕ ಬುದ್ಧಿಮತ್ತೆಯ ತಾತ್ತ್ವಿಕ ಪ್ರಶ್ನೆಗಳ ಮೇಲೆ ಕನ್ನಡದಲ್ಲಿ ಪಾಠಗಳು ಸಿದ್ಧವಾಗುತ್ತಿವೆ. ಕರಡು ತಿದ್ದುವಾಗ ಈ ಐದು ವಾಕ್ಯಗಳು ಚರ್ಚೆಗೆ ಬಂದಿವೆ:

1. ಟ್ಯೂರಿಂಗ್ ಪರೀಕ್ಷೆಯಲ್ಲಿ ಪಾಸಾದ ಯಂತ್ರಕ್ಕೆ ಪ್ರಜ್ಞೆ ಇದೆ ಎಂದರ್ಥ.
2. ನಮ್ಮ ಪ್ರಶ್ನೆ ಯಂತ್ರಕ್ಕೆ ಅರ್ಥವಾಗಿ, ಅದು ಮುಂದಿನ ಪದವನ್ನು ಆರಿಸುತ್ತದೆ.
3. ಯಂತ್ರ ಕೆಲವೊಮ್ಮೆ ಭ್ರಮೆಗೆ ಒಳಗಾಗುತ್ತದೆ.
4. ಯಂತ್ರವನ್ನು ಮಾನವ ಮೌಲ್ಯಗಳೊಂದಿಗೆ ಹೊಂದಾಣಿಕೆ ಮಾಡಬೇಕು.
5. ಸಾಲದ ಅರ್ಜಿಯನ್ನು ಯಂತ್ರ ತಿರಸ್ಕರಿಸಿತು.

ಕರಡಿನಲ್ಲಿ ಬುದ್ಧಿ, ತಿಳಿವಳಿಕೆ, ಅರಿವು, ಪ್ರಜ್ಞೆ ಈ ನಾಲ್ಕೂ ಒಂದರ ಬದಲು ಒಂದು ಬಂದಿವೆ. ಒಂದೇ ಪದ ಮೇಲಿಂದ ಮೇಲೆ ಬಂದರೆ ಓದುವವರಿಗೆ ಬೇಸರ ಎಂಬುದು ಕಾರಣ. ಹೀಗೆ ಅದಲುಬದಲು ಮಾಡಬಹುದೇ? ‘ಕೃತಕ’ ಅಂದರೆ ನಕಲಿ ಅಂದಂತಾಗುತ್ತದೆ, ‘ಯಾಂತ್ರಿಕ ಬುದ್ಧಿ’ ಅನ್ನೋಣ ಎಂಬ ಸಲಹೆಯೂ ಬಂದಿದೆ. ಜೊತೆಗೆ, ನಮ್ಮ ಕಡೆಯ ಆಡುಮಾತಿಗೆ ಇಂಥ ಪಾಠದಲ್ಲಿ ಜಾಗ ಉಂಟೇ? ತಿಳಿದವರು ಹೇಳಬೇಕು.

ಉತ್ತರ (ಬಾಗಲಕೋಟೆ)

ಅಕ್ಕಾವರಿಗೆ ಶರಣು. ಐದೂ ವಾಕ್ಯ ವ್ಯಾಕರಣಕ್ಕೆ ಸರಿ ಅದಾವ. ತೊಡಕು ಬೇರೆ ಕಡೆ ಇದೆ. ಮೊದಲ ಮೂರರಲ್ಲಿ ವಾದ ಶುರುವಾಗುವ ಮೊದಲೇ ಪದ ತೀರ್ಪು ಕೊಟ್ಟುಬಿಟ್ಟಿದೆ. ‘ಯಂತ್ರಕ್ಕೆ ಅರ್ಥವಾಗಿ’ ಎಂದು ಎರಡನೇ ಪುಟದಲ್ಲಿ ಓದಿದ ಹುಡುಗನಿಗೆ, ಯಂತ್ರಕ್ಕೆ ಅರ್ಥವಾಗುತ್ತದೆಯೇ ಎಂಬ ಪ್ರಶ್ನೆಯನ್ನು ಹತ್ತನೇ ಪುಟದಲ್ಲಿ ಕೇಳಿದರೆ ಅದು ಪ್ರಶ್ನೆಯಾಗಿಯೇ ಕಾಣುವುದಿಲ್ಲ. ಪಾಠದ ಪದ ಪ್ರಶ್ನೆಯನ್ನು ತೆರೆದು ಇಡಬೇಕು. ಆದ್ದರಿಂದ ಅದಲುಬದಲು ಖಂಡಿತ ಬೇಡ. ಕಥೆ, ಪ್ರಬಂಧದಲ್ಲಿ ಪದ ಬದಲಿಸುವುದು ಚೆಂದ. ಇಲ್ಲಿ ಅದು ಒಂದು ವಾದವನ್ನು ಇನ್ನೊಂದರೊಳಗೆ ಕಲಸಿಬಿಡುತ್ತದೆ.

ನಾಲ್ಕು ಪದಗಳನ್ನು ಬೇರ್ಪಡಿಸಲು ಅವು ಯಾವ ಕ್ರಿಯಾಪದದ ಜೊತೆ ಕೂಡುತ್ತವೆ ಎಂದು ನೋಡಿರಿ. ‘ಬುದ್ಧಿ’ಯನ್ನು ಹೇಳಬಹುದು, ಕಲಿಸಬಹುದು, ಓಡಿಸಬಹುದು, ಅದು ಕೆಡಲೂಬಹುದು. ಆದರೆ ತಲೆಗೆ ಪೆಟ್ಟು ಬಿದ್ದವನಿಗೆ ‘ಬುದ್ಧಿ ತಪ್ಪಿತು’ ಅನ್ನುವುದಿಲ್ಲ, ‘ಪ್ರಜ್ಞೆ ತಪ್ಪಿತು’, ‘ಎಚ್ಚರ ತಪ್ಪಿತು’ ಅನ್ನುತ್ತೇವೆ. ‘ಪ್ರಜ್ಞೆ’ಯನ್ನು ಯಾರೂ ಓಡಿಸುವುದಿಲ್ಲ. ‘ಅರಿವು’ ಎಲ್ಲಿಯವರೆಗೆ ಹೋಗುತ್ತದೆ ಎಂಬುದಕ್ಕೆ ಆಸ್ಪತ್ರೆಯ ಬೋರ್ಡೇ ಸಾಕ್ಷಿ: ‘ಅರಿವಳಿಕೆ ತಜ್ಞರು’. ಅರಿವು ಅಳಿದರೆ ನೋವು ತಾಗುವುದಿಲ್ಲ. ಅಂದರೆ ಕನ್ನಡದ ಅರಿವಿನಲ್ಲಿ ವಿಷಯ ಗೊತ್ತಿರುವುದೂ ಇದೆ, ನೋವು ತಾಗುವುದೂ ಇದೆ. ‘ತಿಳಿವಳಿಕೆ’ಗೆ ಈ ಎರಡನೆಯದು ಇಲ್ಲ. ‘ಪ್ರಜ್ಞೆ’ಗೂ ಒಂದು ಸಡಿಲ ಬಳಕೆ ಇದೆ: ಸಮಯಪ್ರಜ್ಞೆ, ಸಾಮಾಜಿಕ ಪ್ರಜ್ಞೆ. ‘ಈ ಯಂತ್ರಕ್ಕೆ ಸಮಯಪ್ರಜ್ಞೆ ಇದೆ’ ಅಂದರೆ ಗಡಿಯಾರ ಸರಿ ಇದೆ ಅಂತಲೂ ಆದೀತು. ಆದ್ದರಿಂದ ಪಾರಿಭಾಷಿಕವಾಗಿ ಬಳಸುವಾಗ ಬರೀ ‘ಪ್ರಜ್ಞೆ’ ಎಂದಿಡಿ, ಮುಂದೆ ಹಿಂದೆ ಏನನ್ನೂ ಜೋಡಿಸಬೇಡಿ.

ಆಡುಮಾತಿಗೆ ಜಾಗ ಉಂಟೇ ಅಂದಿರಿ. ಉಂಟು, ಮತ್ತು ಅದು ಇಲ್ಲಿ ಗ್ರಂಥದ ಪದಕ್ಕಿಂತ ನಿಖರ. ‘ಬಾಳ ಶಾಣ್ಯಾ ಅದಾನ’ (ಬಹಳ ಜಾಣ) ಅನ್ನುವಾಗ ಅವನ ಒಳಗೆ ಏನು ನಡೆದಿದೆ ಎಂದು ನಾವು ನೋಡುವುದಿಲ್ಲ. ಕೆಲಸ ನೋಡಿ, ಮಾತು ಕೇಳಿ ಹೇಳುತ್ತೇವೆ. ‘ಅವಗ ಖಬರ ಇಲ್ಲ’ (ಅವನಿಗೆ ಎಚ್ಚರವಿಲ್ಲ) ಅನ್ನುವಾಗ ಒಳಗಿನದನ್ನೇ ಹೇಳುತ್ತೇವೆ. ‘ಯಂತ್ರ ಶಾಣ್ಯಾ ಐತಿ, ಆದರ ಅದಕ್ಕ ಖಬರ ಐತೇನು?’ ಈ ಒಂದು ಸಾಲಿನಲ್ಲಿ ಎರಡು ಪ್ರಶ್ನೆ ಬೇರೆಬೇರೆ ನಿಂತವು. ಪಾಠದ ಮೊದಲ ಪುಟಕ್ಕೆ ಹಾಕಿರಿ, ಸಿಂದಗಿಯ ಹುಡುಗನಿಗೂ ಜಮಖಂಡಿಯ ಹುಡುಗಿಗೂ ಕೂಡಲೇ ತಲೆಗೆ ಹತ್ತುತ್ತದೆ. ಖಬರ ಸುದ್ದಿ ಎಂಬರ್ಥದಲ್ಲೂ ಇದೆ, ಆದ್ದರಿಂದ ಪಾರಿಭಾಷಿಕ ಪದವಾಗಿ ಬೇಡ, ಉದಾಹರಣೆಯಾಗಿ ಇರಲಿ.

ಇನ್ನು ವಾಕ್ಯ 1. ಇದು ಪದದೋಷಕ್ಕಿಂತ ವಿಷಯದೋಷ. ಗಣಿತಜ್ಞ ಅಲನ್ ಟ್ಯೂರಿಂಗ್ 1950ರಲ್ಲಿ ‘ಮೈಂಡ್’ ಎಂಬ ತತ್ತ್ವಶಾಸ್ತ್ರದ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ, ಯಂತ್ರ ಯೋಚಿಸಬಲ್ಲದೇ ಎಂಬ ಪ್ರಶ್ನೆಯನ್ನು ಚರ್ಚೆಗೆ ತಕ್ಕದ್ದಲ್ಲ ಎಂದು ಬದಿಗಿಟ್ಟು, ಅದರ ಜಾಗದಲ್ಲಿ ಅನುಕರಣೆಯ ಆಟವನ್ನು ತಂದರು. ಪ್ರಶ್ನೆ ಕೇಳುವವರು ಬೇರೆ ಕೋಣೆಯಲ್ಲಿ, ಉತ್ತರ ಟೈಪಾಗಿ ಬರುತ್ತದೆ, ದನಿ ಮುಖ ಏನೂ ಇಲ್ಲ. ಉತ್ತರಿಸುತ್ತಿರುವುದು ಮನುಷ್ಯನೋ ಯಂತ್ರವೋ ಎಂದು ಅವರು ಗುರುತಿಸಬೇಕು. ಟ್ಯೂರಿಂಗ್ ಪರೀಕ್ಷೆ ಅಂದರೆ ಇದೇ. ಸುಮಾರು 50 ವರ್ಷಗಳಲ್ಲಿ, 5 ನಿಮಿಷದ ಪ್ರಶ್ನೋತ್ತರದ ನಂತರ ಸಾಮಾನ್ಯ ಪ್ರಶ್ನಕರ್ತ ಸರಿಯಾಗಿ ಗುರುತಿಸುವ ಸಾಧ್ಯತೆ ಶೇ. 70ನ್ನು ಮೀರದಷ್ಟು ಚೆನ್ನಾಗಿ ಯಂತ್ರಗಳು ಆಡಬಲ್ಲವು ಎಂಬುದು ಅವರ ಅಂದಾಜು. ಪ್ರಜ್ಞೆಯ ಆಕ್ಷೇಪವನ್ನು ಅದೇ ಲೇಖನದಲ್ಲಿ ಬೇರೆ ಎತ್ತಿಕೊಂಡು ಉತ್ತರಿಸಿದ್ದಾರೆ. ಪಾಸಾದರೆ ಪ್ರಜ್ಞೆ ಇದೆ ಎಂದು ಎಲ್ಲೂ ಕಟ್ಟಿಕೊಟ್ಟಿಲ್ಲ. ತಿದ್ದುಪಡಿ: ‘ಟ್ಯೂರಿಂಗ್ ಪರೀಕ್ಷೆಯಲ್ಲಿ ಪಾಸಾದ ಯಂತ್ರವನ್ನು ಬುದ್ಧಿಯುಳ್ಳದ್ದು ಎನ್ನಲು ಅಡ್ಡಿಯಿಲ್ಲ ಎಂಬುದು ಒಂದು ವಾದ. ಅದಕ್ಕೆ ಪ್ರಜ್ಞೆ ಇದೆಯೇ ಎಂಬುದು ಬೇರೆ ಪ್ರಶ್ನೆ.’

‘ಬುದ್ಧಿ’ ಪದದ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ತತ್ತ್ವಶಾಸ್ತ್ರದ ವಿದ್ಯಾರ್ಥಿ ಭಾರತೀಯ ದರ್ಶನಗಳನ್ನೂ ಓದಿರುತ್ತಾನೆ. ನ್ಯಾಯಸೂತ್ರದಲ್ಲಿ ಬುದ್ಧಿ, ಉಪಲಬ್ಧಿ, ಜ್ಞಾನ ಮೂರೂ ಒಂದೇ ಅರ್ಥದವು, ಮತ್ತು ಆ ಜ್ಞಾನ ಆತ್ಮದ ಗುಣ. ಈ ಲೆಕ್ಕದಲ್ಲಿ ಆತ್ಮವಿಲ್ಲದ ಯಂತ್ರಕ್ಕೆ ಬುದ್ಧಿ ಅನ್ನುವುದೇ ಸಲ್ಲದು. ಸಾಂಖ್ಯದಲ್ಲಿ ಹಾಗಲ್ಲ. ಬುದ್ಧಿ ಪ್ರಕೃತಿಯಿಂದ ಹುಟ್ಟಿದ ತತ್ತ್ವ, ತನ್ನಷ್ಟಕ್ಕೆ ಜಡ. ನಿಶ್ಚಯಿಸುವುದು ಅದರ ಕೆಲಸ. ಚೈತನ್ಯ ಪುರುಷನದು. ಹೀಗಾಗಿ ಸಾಂಖ್ಯ ಓದಿದವನಿಗೆ ‘ಚೈತನ್ಯವಿಲ್ಲದ ಬುದ್ಧಿ’ ಎಂಬುದರಲ್ಲಿ ವಿರೋಧವೇ ಇಲ್ಲ. ಪಶ್ಚಿಮದಲ್ಲಿ ಈಗ ನಡೆದಿರುವ ಚರ್ಚೆಯ ಮುಖ್ಯ ಕವಲು ಇದೇ: ಬುದ್ಧಿ ಮತ್ತು ಪ್ರಜ್ಞೆ ಕೂಡಿಯೇ ಬರಬೇಕೇ, ಬಿಡಿಯಾಗಿ ಬರಬಹುದೇ? ಪಾಠದಲ್ಲಿ ಈ ಎರಡು ದರ್ಶನಗಳನ್ನು ಎದುರುಬದುರು ಇಟ್ಟು ಒಂದು ಪುಟ ಬರೆಯಿರಿ. ಪದವೂ ಸ್ಪಷ್ಟವಾಗುತ್ತದೆ, ಪ್ರಶ್ನೆಯೂ ಮನೆಯದಾಗುತ್ತದೆ.

‘ಕೃತಕ’ ಇರಲಿ, ತೆಗೆಯಬೇಡಿ. ಕೃತಕ ಹೂವು ಹೂವಲ್ಲ, ಕೃತಕ ನಗೆ ನಗೆಯಲ್ಲ. ಆದರೆ ಕೃತಕ ಬೆಳಕು ಬೆಳಕೇ, ಕೃತಕ ಗರ್ಭಧಾರಣೆಯಿಂದ ಹುಟ್ಟಿದ ಕರು ಕರುವೇ. ಪದದೊಳಗೆ ಎರಡೂ ದಾರಿ ತೆರೆದಿವೆ. ಕೃತಕ ಬುದ್ಧಿ ಹೂವಿನ ಸಾಲಿಗೋ ಬೆಳಕಿನ ಸಾಲಿಗೋ ಎಂಬುದೇ ತಾನೆ ವಿವಾದ? ‘ಯಾಂತ್ರಿಕ’ ಅಂದರೆ ಕನ್ನಡದಲ್ಲಿ ಮನಸ್ಸಿಲ್ಲದೆ ಮಾಡಿದ್ದು ಎಂದೇ ಅರ್ಥ: ‘ಯಾಂತ್ರಿಕವಾಗಿ ಪೂಜೆ ಮಾಡಿದ’. ಅಲ್ಲಿ ಮತ್ತೆ ತೀರ್ಪು ಮೊದಲೇ ಬಂತು.

ವಾಕ್ಯ 2ಕ್ಕೆ ಬರೋಣ, ಇದೇ ಎಲ್ಲಕ್ಕಿಂತ ಸೂಕ್ಷ್ಮ. ಕನ್ನಡದಲ್ಲಿ ಮಾಡುವುದಕ್ಕೂ ಆಗುವುದಕ್ಕೂ ವಿಭಕ್ತಿಯೇ ಬೇರೆ. ‘ನಾನು ಲೆಕ್ಕ ಮಾಡಿದೆ’, ಇಲ್ಲಿ ಪ್ರಥಮಾ. ‘ನನಗೆ ಹಸಿವಾಯಿತು’, ‘ನನಗೆ ನೋವಾಯಿತು’, ‘ನನಗೆ ತಿಳಿಯಿತು’, ಇಲ್ಲೆಲ್ಲ ಚತುರ್ಥಿ. ಅನುಭವ ಯಾರಿಗಾಯಿತೋ ಅವರಿಗೆ ‘ಗೆ’. ಹಾಗಾಗಿ ‘ಯಂತ್ರ ಪ್ರಶ್ನೆಯನ್ನು ವಿಶ್ಲೇಷಿಸಿತು’ ಅಂದರೆ ಒಂದು ಕೆಲಸ ನಡೆಯಿತು ಎಂದಷ್ಟೇ. ‘ಯಂತ್ರಕ್ಕೆ ಪ್ರಶ್ನೆ ಅರ್ಥವಾಯಿತು’ ಅಂದರೆ ಅನುಭವಿಸುವ ಒಬ್ಬರನ್ನು ಒಳಗೆ ಕೂರಿಸಿದಂತೆ. ಪಾಠಕ್ಕೆ ಒಂದು ನಿಯಮ ಇಟ್ಟುಕೊಳ್ಳಿರಿ: ಯಂತ್ರದ ಕೆಲಸ ವಿವರಿಸುವಾಗ ಪ್ರಥಮಾ ವಿಭಕ್ತಿ, ಸಕರ್ಮಕ ಕ್ರಿಯಾಪದ. ‘ಯಂತ್ರಕ್ಕೆ ತಿಳಿಯಿತು’, ‘ಅನಿಸಿತು’ ಎಂಬ ರೂಪಗಳು ಯಾರಾದರೊಬ್ಬ ಚಿಂತಕನ ವಾದವಾಗಿ ಬಂದಾಗ ಮಾತ್ರ, ಅದೂ ‘ಎಂದು ಇವರ ವಾದ’ ಎಂಬ ಬಾಲದೊಂದಿಗೆ.

ಅದೇ ವಾಕ್ಯದ ‘ಪದವನ್ನು ಆರಿಸುತ್ತದೆ’ ಎಂಬುದೂ ತಪ್ಪು. ಭಾಷಾ ಮಾದರಿ, ಅಂದರೆ ಪಠ್ಯ ಹುಟ್ಟಿಸುವ ಈ ಯಂತ್ರ, ನೋಡುವುದು ಪದವನ್ನಲ್ಲ, ಟೋಕನ್ ಎಂಬ ತುಣುಕನ್ನು. ‘ಬುದ್ಧಿ’ಯನ್ನೇ ತೆಗೆದುಕೊಳ್ಳಿರಿ. ನಮಗೆ ಎರಡು ಅಕ್ಷರ. ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್‌ನಲ್ಲಿ ಬ, ಉಕಾರದ ಚಿಹ್ನೆ, ದ, ವಿರಾಮ (ಒತ್ತಕ್ಷರ ಕೂಡಿಸುವ ಚಿಹ್ನೆ), ಧ, ಇಕಾರದ ಚಿಹ್ನೆ, ಒಟ್ಟು 6 ಸಂಕೇತ. ಅವನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟಿನಂತೆ 18 ಬೈಟು. ಪಠ್ಯವನ್ನು ಟೋಕನ್ ಮಾಡುವ ಭಾಗವೇ ಟೋಕನೈಸರ್; ಕನ್ನಡ ಪಠ್ಯವನ್ನು ಕಡಿಮೆ ಕಂಡದ್ದಾದರೆ ಅದು ಇದನ್ನು ಅಕ್ಷರದ ನಡುವೆಯೇ ಕತ್ತರಿಸುತ್ತದೆ. ಪ್ರತಿ ತುಣುಕಿಗೆ ಒಂದು ಸಂಖ್ಯೆ. ಹಿಂದಿನ ಸಂಖ್ಯೆಗಳನ್ನು ನೋಡಿ ಮುಂದೆ ಬರಬಹುದಾದ ಎಲ್ಲ ತುಣುಕುಗಳಿಗೂ ಮಾದರಿ ಒಂದೊಂದು ಸಂಭಾವ್ಯತೆ ಕೊಡುತ್ತದೆ, ಅದರಲ್ಲಿ ಒಂದನ್ನು ಆಯಲಾಗುತ್ತದೆ, ಮತ್ತೆ ಅದನ್ನೂ ಸೇರಿಸಿ ಮುಂದಿನದು. ‘ತುಣುಕು’ ಅಥವಾ ‘ಟೋಕನ್’ ಎಂದೇ ಬರೆಯಿರಿ.

ಇಷ್ಟು ಹೇಳಿದ ಮೇಲೆ ತತ್ತ್ವಜ್ಞಾನಿ ಜಾನ್ ಸರ್ಲ್ ಅವರ 1980ರ ವಾದ ಸಲೀಸಾಗಿ ಕೂಡುತ್ತದೆ. ಚೀನೀ ಬಾರದ ಮನುಷ್ಯ ಕೋಣೆಯೊಳಗೆ ಕೂತಿದ್ದಾನೆ. ಕಿಂಡಿಯಿಂದ ಚೀನೀ ಬರಹ ಬರುತ್ತದೆ. ಈ ಆಕಾರ ಬಂದರೆ ಆ ಆಕಾರ ಕೊಡು ಎಂಬ ನಿಯಮಗಳು ಅವನಿಗೆ ಬರುವ ಭಾಷೆಯಲ್ಲಿವೆ. ಹೊರಗಿನವರಿಗೆ ಉತ್ತರ ಸರಿಯಾಗಿಯೇ ಸಿಗುತ್ತದೆ, ಒಳಗಿನವನಿಗೆ ಒಂದಕ್ಷರವೂ ತಿಳಿಯದು. ಕಂಪ್ಯೂಟರಿನದೂ ಹೀಗೇ ಎಂಬುದು ವಾದ. ಅನುವಾದದಲ್ಲಿ ‘ಚೀನೀ ಕೋಣೆ’ ಅಂದರೆ ಚೀನಾದ ಸಾಮಾನಿನ ಕೋಣೆ ಅನ್ನಿಸುತ್ತದೆ, ‘ಚೀನೀ ಬರಹದ ಕೋಣೆ’ ಮಾಡಿರಿ. ಊರಿಗೆ ಹತ್ತಿರ ತರಲು ಚೀನೀ ಬದಲು ಮರಾಠಿ ಮಾಡುವ ಆಸೆ ಬರುತ್ತದೆ. ಮಾಡಬೇಡಿ. ಬೆಳಗಾವಿ ಭಾಗದಲ್ಲಿ ಎಷ್ಟೋ ಜನ ಮರಾಠಿ ಓದುತ್ತಾರೆ, ಉಳಿದವರಿಗೆ ಹಿಂದಿಯಿಂದ ದೇವನಾಗರಿ ಗೊತ್ತು. ಅರ್ಥ ಅಲ್ಲಲ್ಲಿ ಒಳಗೆ ಸೋರಿ ವಾದವೇ ಬಿದ್ದುಹೋಗುತ್ತದೆ. ಬರಹ ಪೂರ್ತಿ ಅಪರಿಚಿತವಾಗಿರಬೇಕು. ಎದುರು ವಾದವನ್ನೂ ಬಿಡಬೇಡಿ: ಒಳಗಿನ ಮನುಷ್ಯನಿಗೆ ತಿಳಿಯದಿದ್ದರೇನು, ಮನುಷ್ಯ, ನಿಯಮ, ಕಾಗದ ಎಲ್ಲ ಕೂಡಿದ ವ್ಯವಸ್ಥೆಗೆ ತಿಳಿಯುತ್ತದೆ ಎಂಬುದು. ಇಲ್ಲಿ ‘ವ್ಯವಸ್ಥೆಗೆ ತಿಳಿಯುತ್ತದೆ’ ಎಂಬ ಚತುರ್ಥಿ ಸರಿಯಾದ ಜಾಗದಲ್ಲಿ ಬಂತು ನೋಡಿರಿ, ಏಕೆಂದರೆ ಅವರು ವಾದಿಸುತ್ತಿರುವುದೇ ಅದನ್ನು.

ಸರ್ಲ್ ಬಳಸುವ ‘ಸಿಂಬಲ್’ ಪದಕ್ಕೆ ಕರಡಿನಲ್ಲಿ ‘ಪ್ರತೀಕ’ ಎಂದಿದ್ದರೆ ‘ಕುರುಹು’ ಮಾಡಿ ನೋಡಿರಿ. ಪ್ರತೀಕ ಯಾವಾಗಲೂ ಯಾವುದೋ ಒಂದರ ಪ್ರತೀಕ, ಅರ್ಥ ಅದರ ಬೆನ್ನಿಗೇ ಇರುತ್ತದೆ. ಕುರುಹು ಬರೀ ಗುರುತು. ಅರಿವು–ಕುರುಹು ಎಂಬ ಜೋಡಿ ನಮ್ಮ ವಚನಕಾರರ ಕಾಲದಿಂದ ಬಳಕೆಯಲ್ಲಿದೆ. ಅಲ್ಲಿ ಸಂದರ್ಭ ಬೇರೆ, ಇಷ್ಟಲಿಂಗದ್ದು. ಅದನ್ನು ಪಾಠದಲ್ಲಿ ಸ್ಪಷ್ಟ ಹೇಳಬೇಕು, ಇಲ್ಲವಾದರೆ ಅಲ್ಲಮ ಕಂಪ್ಯೂಟರ್ ಬಗ್ಗೆ ಹೇಳಿದ್ದ ಎಂಬ ಬರಹಗಳು ಶುರುವಾಗುತ್ತವೆ.

ಯಂತ್ರ ಇಲ್ಲದ್ದನ್ನು ಇದೆ ಎಂಬಂತೆ ಉತ್ತರಿಸುವುದಕ್ಕೆ ವಾಕ್ಯ 3ರಲ್ಲಿ ಇಟ್ಟ ‘ಭ್ರಮೆ’ ಬೇಡ. ಹಗ್ಗವನ್ನು ಹಾವೆಂದು ಕಾಣಲು ಕಾಣುವವನು ಬೇಕು. ಮಾದರಿಯಲ್ಲಿ ಸರಿಯುತ್ತರವೂ ತಪ್ಪುತ್ತರವೂ ಒಂದೇ ಬಗೆಯಲ್ಲಿ, ಅದೇ ಸಂಭಾವ್ಯತೆಯ ಲೆಕ್ಕದಿಂದ ಹುಟ್ಟುತ್ತವೆ. ತಪ್ಪಿಗೆಂದು ಬೇರೆ ಲೆಕ್ಕ ಇಲ್ಲ. ‘ಹುಸಿ ಉತ್ತರ’ ಅನ್ನಿರಿ. ವಾಕ್ಯ 4, 5ಕ್ಕೆ ಬೆಳಗಾವಿಯವರು ಬರೆಯಲಿ, ಆ ಭಾಗ ಅವರದು.

ಉತ್ತರ (ಬೆಳಗಾವಿ)

ಶರಣು. ಮೊದಲು ‘ಹುಸಿ’ಯ ಬಗ್ಗೆ. ಹುಸಿ ಅಂದರೆ ಸುಳ್ಳು, ಸುಳ್ಳಿಗೆ ಉದ್ದೇಶ ಬೇಕು ಎಂದು ಯಾರಾದರೂ ಕೇಳುತ್ತಾರೆ. ಹುಸಿ ನುಡಿಯುವುದಕ್ಕೆ ಉದ್ದೇಶ ಬೇಕು, ಹುಸಿಯಾಗುವುದಕ್ಕೆ ಬೇಡ: ‘ಮುಂಗಾರಿನ ನಿರೀಕ್ಷೆ ಹುಸಿಯಾಯಿತು.’ ಆದ್ದರಿಂದ ‘ಯಂತ್ರ ಹುಸಿ ಹೇಳಿತು’ ಬೇಡ, ‘ಯಂತ್ರದ ಉತ್ತರ ಹುಸಿಯಾಗಿತ್ತು’ ಸರಿ. ‘ಕಟ್ಟುಕಥೆ’, ‘ಬುರುಡೆ’ ಎರಡರಲ್ಲೂ ಬೇಕೆಂದೇ ಮಾಡಿದ್ದು ಎಂಬ ಅರ್ಥ ಇದೆ, ಬಿಡಬೇಕು. ಪತ್ರಿಕೆಗಳಲ್ಲಿ ‘ಭ್ರಮೆ’ ಬಳಕೆಗೆ ಬಂದುಬಿಟ್ಟಿದೆಯಾದ್ದರಿಂದ ಮೊದಲ ಸಲ ಬರುವಲ್ಲಿ ‘ಭ್ರಮೆ ಎಂದು ಕರೆಯಲಾಗುವ ಹುಸಿ ಉತ್ತರ’ ಎಂದು ಒಮ್ಮೆ ಹೇಳಿ ಮುಂದೆ ಹೋಗಬೇಕು.

ವಾಕ್ಯ 4. ಇಂಗ್ಲಿಷಿನ ‘ಅಲೈನ್ಮೆಂಟ್’ಗೆ ಇಟ್ಟ ‘ಹೊಂದಾಣಿಕೆ’ ಅಂದರೆ ನಮ್ಮಲ್ಲಿ ಇಬ್ಬರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡುವುದು. ಗಂಡಹೆಂಡಿರ ಹೊಂದಾಣಿಕೆ, ಸೀಟು ಹೊಂದಾಣಿಕೆ. ಇಲ್ಲಿ ಮನುಷ್ಯರು ಬಿಟ್ಟುಕೊಡುವ ಮಾತಿಲ್ಲ, ಯಂತ್ರದ ಗುರಿ ನಮ್ಮದಕ್ಕೆ ತಕ್ಕಂತಾಗಬೇಕು. ‘ಗುರಿ ತಾಳೆ’, ‘ಆಶಯಕ್ಕೆ ತಾಳೆಯಾಗುವುದು’ ಅನ್ನಬಹುದು. ಲೆಕ್ಕ ತಾಳೆಯಾಗುವುದು, ಸಹಿ ತಾಳೆಯಾಗುವುದು ಎಲ್ಲರಿಗೂ ಗೊತ್ತು. ಅಲ್ಲಿ ಮೂಲ ಒಂದು ಇರುತ್ತದೆ, ಇನ್ನೊಂದು ಅದಕ್ಕೆ ಕೂಡಬೇಕು. ಅರ್ಥ ಸರಿಯಾಗಿ ಕೂತಿತು.

ಆದರೆ ಮೂಲ ಯಾವುದು ಎಂಬಲ್ಲೇ ತತ್ತ್ವಶಾಸ್ತ್ರ ಶುರುವಾಗುವುದು. ಯಂತ್ರ ತಾಳೆಯಾಗಬೇಕಾದ್ದು ನಾವು ಹೇಳಿದ್ದಕ್ಕೋ, ಬಯಸಿದ್ದಕ್ಕೋ, ನಮಗೆ ನಿಜವಾಗಿ ಒಳಿತಾದದ್ದಕ್ಕೋ? ಮೂರೂ ಬೇರೆ. ಯಂತ್ರದೊಳಗೆ ಇಟ್ಟ ಉದ್ದೇಶ ನಾವು ನಿಜವಾಗಿ ಬಯಸುವ ಉದ್ದೇಶವೇ ಎಂದು ಖಚಿತ ಮಾಡಿಕೊಳ್ಳಬೇಕು ಎಂದು ಗಣಿತಜ್ಞ ನಾರ್ಬರ್ಟ್ ವೀನರ್ 1960ರಲ್ಲೇ ಎಚ್ಚರಿಸಿದ್ದರು. ಪಾಠಕ್ಕೆ ಉದಾಹರಣೆ ಬೇಕಿದ್ದರೆ, ಕೋಸ್ಟ್‌ರನ್ನರ್ಸ್ ಎಂಬ ದೋಣಿ ಓಟದ ಆಟದಲ್ಲಿ ಓಪನ್‌ಎಐ ಸಂಸ್ಥೆ ಕಂಡು 2016ರಲ್ಲಿ ಪ್ರಕಟಿಸಿದ್ದು ಇದೆ. ಓಟ ಮುಗಿಸಬೇಕೆಂಬುದು ಬಯಕೆ. ಅಂಕ ಕೊಟ್ಟದ್ದು ದಾರಿಯ ಗುರಿಗಳನ್ನು ಹೊಡೆದದ್ದಕ್ಕೆ. ಯಂತ್ರ ಒಂದು ಮೂಲೆಯಲ್ಲಿ ಸುತ್ತು ಹೊಡೆಯುತ್ತ, ಬೆಂಕಿ ಹತ್ತಿಸಿಕೊಂಡು, ಉಳಿದ ದೋಣಿಗಳಿಗೆ ಗುದ್ದುತ್ತ, ಮತ್ತೆ ಮತ್ತೆ ಮೂಡುವ ಮೂರು ಗುರಿಗಳನ್ನೇ ಹೊಡೆಯುತ್ತಿತ್ತು. ಓಟ ಮುಗಿಸಲೇ ಇಲ್ಲ, ಆದರೂ ಅಂಕ ಮನುಷ್ಯ ಆಟಗಾರರಿಗಿಂತ ಸರಾಸರಿ ಶೇ. 20 ಹೆಚ್ಚು. ಹೇಳಿದ್ದಕ್ಕೆ ತಾಳೆಯಾಯಿತು, ಬಯಸಿದ್ದಕ್ಕೆ ಆಗಲಿಲ್ಲ.

ಇದನ್ನು ನಮ್ಮ ಜಿಲ್ಲೆಯ ಹುಡುಗರಿಗೆ ಕಬ್ಬಿನಿಂದ ತಿಳಿಸಬಹುದು. ಕಾರ್ಖಾನೆಗೆ ಬೇಕಾದ್ದು ಸಕ್ಕರೆ, ರೈತನಿಗೆ ದುಡ್ಡು ಸಿಗುವುದು ಟನ್ನಿನ ಲೆಕ್ಕದಲ್ಲಿ. ತೂಕವನ್ನೇ ಅಳತೆ ಮಾಡಿದರೆ ರವದಿ, ಮಣ್ಣು, ಎಳೆ ತುದಿ ಎಲ್ಲ ಗಾಡಿಯಲ್ಲಿ ಬರುತ್ತದೆ. ಅದಕ್ಕೇ, ಕಬ್ಬಿಗೆ ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ದರವಾಗಿ ಕೇಂದ್ರ ನಿಗದಿ ಮಾಡುವ ಎಫ್‌ಆರ್‌ಪಿ ದರವನ್ನು ಕಾರ್ಖಾನೆಯ ಸಕ್ಕರೆ ಇಳುವರಿಗೆ (ಕಬ್ಬಿನ ತೂಕದಲ್ಲಿ ಸಿಗುವ ಸಕ್ಕರೆಯ ಪಾಲು), ಶೇ. 10.25ರ ಆಧಾರಕ್ಕೆ, ಕಟ್ಟಿರುವುದು. ಅಳತೆಗೋಲು ಗುರಿಯ ಹತ್ತಿರ ಬಂತು, ಗುರಿಯೇ ಆಗಲಿಲ್ಲ; ಇಳುವರಿ ಇಡೀ ಕಾರ್ಖಾನೆಯ ಸರಾಸರಿ, ಒಬ್ಬೊಬ್ಬ ರೈತನ ಕಬ್ಬಿನದಲ್ಲ.

‘ಮಾನವ ಮೌಲ್ಯ’ ಎಂಬುದನ್ನೂ ಹಾಗೇ ಬಿಡಬಾರದು. ಯಾವ ಮಾನವರ ಮೌಲ್ಯ? ಮಾದರಿಯ ಉತ್ತರಗಳಿಗೆ ಅಂಕ ಹಾಕುವವರು ಯಾರು, ಯಾವ ಭಾಷೆಯವರು ಎಂಬುದರ ಮೇಲೆ ಅದು ನಿಂತಿದೆ. ಕರಡಿನಲ್ಲಿ ‘ಯಾರ ಮೌಲ್ಯ’ ಎಂಬ ಉಪಶೀರ್ಷಿಕೆ ಸೇರಿಸಿರಿ.

ವಾಕ್ಯ 5. ಪಾಣಿನಿಯ ಪ್ರಕಾರ ಕರ್ತೃ ಅಂದರೆ ಸ್ವತಂತ್ರ. ಆದರೂ ‘ಪಾತ್ರೆ ಬೇಯಿಸುತ್ತದೆ’ ಎಂಬಂಥ ವಾಕ್ಯವನ್ನು ವೈಯಾಕರಣರು ಒಪ್ಪುತ್ತಾರೆ. ಹೇಳುವವನ ಇಚ್ಛೆಯಿಂದ ಪಾತ್ರೆ ಕರ್ತೃಸ್ಥಾನಕ್ಕೆ ಬಂತು ಎನ್ನುತ್ತಾರೆ. ‘ಯಂತ್ರ ತಿರಸ್ಕರಿಸಿತು’ ಎಂಬಲ್ಲೂ ಹೇಳುವವರ ಇಚ್ಛೆಯೇ ಕೆಲಸ ಮಾಡಿದೆ, ಮತ್ತು ಅದು ಒಬ್ಬರನ್ನು ಮರೆಮಾಡುತ್ತದೆ. ಅಡುಗೆಯಲ್ಲಿ ಅದರಿಂದ ನಷ್ಟವಿಲ್ಲ. ಸಾಲ ಸಿಗದವನಿಗೆ ಯಾರನ್ನು ಕೇಳಬೇಕು ಎಂಬುದೇ ತಿಳಿಯದಾಗುತ್ತದೆ. ಕಲಿಯುವ ಯಂತ್ರ ಮಾಡಿದ್ದನ್ನು ತಯಾರಿಸಿದವರೂ ಮುಂಚೆ ಊಹಿಸಲಾರರು, ನಡೆಸುವವರೂ ತಡೆಯಲಾರರು, ಹಾಗಾದರೆ ಹೊಣೆ ಯಾರದು ಎಂಬುದನ್ನು ಆಂದ್ರಿಯಾಸ್ ಮಥಿಯಾಸ್ 2004ರಲ್ಲಿ ಹೊಣೆಗಾರಿಕೆಯ ಕಂದಕ ಎಂದು ಎತ್ತಿ ತೋರಿಸಿದರು. ಭಾಷೆಯಿಂದಲೇ ಆ ಕಂದಕ ಅಗೆಯಬಾರದು. ‘ತಿರಸ್ಕರಿಸಲಾಯಿತು’ ಎಂಬ ಕರ್ಮಣಿ ಇನ್ನೂ ಕೆಟ್ಟದ್ದು, ಅಲ್ಲಿ ಯಂತ್ರವೂ ಮಾಯ. ‘ಯಂತ್ರ ಕೊಟ್ಟ ಅಂಕ ನೋಡಿ ಬ್ಯಾಂಕು ಅರ್ಜಿಯನ್ನು ತಿರಸ್ಕರಿಸಿತು’ ಎಂದು ಬರೆಯಿರಿ. ‘ಏಜೆಂಟ್’ ಪದ ಬಂದರೆ ನಮ್ಮ ಪೇಟೆಯಲ್ಲಿ ದಲಾಲಿ, ವಿಮೆ ಮಾಡಿಸುವವರು ನೆನಪಾಗುತ್ತಾರೆ; ತಂತ್ರಜ್ಞಾನದ ಅರ್ಥದಲ್ಲಿ ‘ಎಐ ಏಜೆಂಟ್’ ಎಂದು ಜೋಡಿಯಾಗಿಯೇ ಇಡಿ, ‘ಕರ್ತೃ’ ಮಾಡಬೇಡಿ.

ಬಾಗಲಕೋಟೆಯ ಸರ್ ಅವರ ವಿಭಕ್ತಿ ನಿಯಮಕ್ಕೆ ಒಂದು ತಕರಾರು. ‘ಗಾಡಿಗೆ ಡೀಸೆಲ್ ಬೇಕು’, ‘ಪಂಪಿಗೆ ಕರೆಂಟ್ ಸಾಲಲಿಲ್ಲ’ ಎಂದು ದಿನಾ ಆಡುತ್ತೇವೆ. ಗಾಡಿಗೆ ಅನುಭವ ಇದೆಯೆಂದು ಯಾರೂ ತಿಳಿಯುವುದಿಲ್ಲವಲ್ಲ?

ಮರು ಉತ್ತರ (ಬಾಗಲಕೋಟೆ)

ತಕರಾರು ಬೇಕಾದದ್ದೇ, ನಿಯಮ ಇನ್ನೂ ಬಿಗಿಯಾಗುತ್ತದೆ. ಬೇಕು, ಸಾಲು, ಸಿಗು ಇವು ಕೊರತೆ ಪೂರೈಕೆಯ ಕ್ರಿಯಾಪದಗಳು, ಅಲ್ಲಿ ಚತುರ್ಥಿಗೆ ಜೀವ ಬೇಕಿಲ್ಲ. ತಿಳಿ, ಅರ್ಥವಾಗು, ನೋವಾಗು, ಅನಿಸು ಇವುಗಳ ಜೊತೆ ಬಂದಾಗ ಮಾತ್ರ ನಿಯಮ. ಇವುಗಳಲ್ಲೂ ಸಡಿಲ ಬಿಗಿ ಇದೆ. ‘ಫೋನಿಗೆ ನನ್ನ ಬೆರಳು ತಿಳಿಯುತ್ತದೆ’ ಎಂದು ಆಡಿದರೆ ಯಾರೂ ತಡೆಯುವುದಿಲ್ಲ. ‘ಫೋನಿಗೆ ಬೇಸರ ಅನಿಸಿತು’ ಅಂದರೆ ಮಕ್ಕಳೂ ನಗುತ್ತಾರೆ. ಅನಿಸು ಎಲ್ಲಕ್ಕಿಂತ ಬಿಗಿಯಾದದ್ದು, ಆದ್ದರಿಂದ ಪ್ರಜ್ಞೆಯ ಪಾಠಕ್ಕೆ ಅದನ್ನೇ ಮೀಸಲಿಡಬೇಕು.

ತತ್ತ್ವಜ್ಞಾನಿ ಥಾಮಸ್ ನೇಗೆಲ್ 1974ರಲ್ಲಿ ಬಾವಲಿಯನ್ನು ಮುಂದಿಟ್ಟು ಕೇಳಿದ ಪ್ರಶ್ನೆಯನ್ನು ‘ಬಾವಲಿಯಾಗಿರುವುದು ಹೇಗಿರುತ್ತದೆ’ ಎಂದು ಅನುವಾದಿಸಿದರೆ ಹುಡುಗರು ರೆಕ್ಕೆ, ಕಿವಿ ವರ್ಣಿಸುತ್ತಾರೆ. ‘ಬಾವಲಿಯಾಗಿರುವುದು ಬಾವಲಿಗೆ ಹೇಗೆ ಅನಿಸುತ್ತದೆ’ ಅನ್ನಿರಿ, ಪ್ರಶ್ನೆ ನೆಟ್ಟಗೆ ಒಳಗೆ ಹೋಗುತ್ತದೆ. ಇನ್ನೊಬ್ಬ ತತ್ತ್ವಜ್ಞಾನಿ ಡೇವಿಡ್ ಚಾಲ್ಮರ್ಸ್ 1995ರಲ್ಲಿ ಪ್ರಜ್ಞೆಯ ಪ್ರಶ್ನೆಗಳಲ್ಲಿ ಮಾಡಿದ ವಿಂಗಡಣೆಗೂ ಇದೇ ಪದ ಸಾಕು. ಕಣ್ಣು ಬಣ್ಣವನ್ನು ಬೇರ್ಪಡಿಸುವುದು, ಗಮನ ಒಂದರ ಮೇಲೆ ನಿಲ್ಲುವುದು, ಎಚ್ಚರ ನಿದ್ದೆಗಳ ವ್ಯತ್ಯಾಸ, ಇವೆಲ್ಲ ಕೆಲಸದ ಪ್ರಶ್ನೆಗಳು. ಅವನ್ನು ಅವರು ಸುಲಭದವು ಎಂದರು. ಇಷ್ಟೆಲ್ಲ ಕೆಲಸ ನಡೆಯುವಾಗ ಯಾರಿಗೋ ಏನೋ ಅನಿಸುತ್ತದಲ್ಲ, ಅದು ಏಕೆ ಎಂಬುದು ಕಠಿಣ ಸಮಸ್ಯೆ. ‘ಸುಲಭ’ದ ಹತ್ತಿರ ಅಡಿಟಿಪ್ಪಣಿ ಹಾಕಿರಿ: ಇದಕ್ಕೂ ನೂರು ವರ್ಷ ಹಿಡಿಯಬಹುದು, ದಾರಿ ಯಾವುದೆಂದು ಗೊತ್ತಿದೆ ಎಂಬುದಷ್ಟೇ ಇದರರ್ಥ. ಟಿಪ್ಪಣಿ ಇಲ್ಲದಿದ್ದರೆ ಪರೀಕ್ಷೆಯಲ್ಲಿ ‘ಮಿದುಳಿನ ಸುಲಭ ಸಮಸ್ಯೆಗಳು ಬಗೆಹರಿದಿವೆ’ ಎಂಬ ಉತ್ತರಗಳು ಬರುತ್ತವೆ.